ರಕ್ತದಲ್ಲಿ ಕೊಬ್ಬಿನ ದೋಣಿಗಳು

ಮಕ್ಕಳೇ, ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಎಣ್ಣೆ ಹಾಕಿ ಚೆನ್ನಾಗಿ ಕಲಕಿ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ಎಣ್ಣೆ ಮೇಲೆ ತೇಲುತ್ತದೆ ಅಲ್ಲವೆ? ನಮ್ಮ ರಕ್ತದಲ್ಲೂ ನೀರೇ ಹೆಚ್ಚು. ಹಾಗಾದರೆ ಕೊಬ್ಬು ರಕ್ತದಲ್ಲಿ ಸಾಗುವುದು ಹೇಗೆ?

ಅದಕ್ಕೆ ದೋಣಿ ಬೇಕು. ಒಳಗೆ ಕೊಬ್ಬು, ಹೊರಗೆ ಪ್ರೋಟೀನ್ ಸೇರಿದ ತೆಳು ಹೊದಿಕೆ ಇರುವ ಅತಿ ಸೂಕ್ಷ್ಮ ಉಂಡೆಗಳೇ ಈ ದೋಣಿಗಳು. ಇವುಗಳ ಹೆಸರು ಲಿಪೋಪ್ರೋಟೀನ್. ಇವು ಕೊಲೆಸ್ಟರಾಲ್ ಎಂಬ ಮೇಣದಂಥ ವಸ್ತುವನ್ನೂ ಹೊರುತ್ತವೆ. ಕೊಲೆಸ್ಟರಾಲ್ ವಿಷವೇನಲ್ಲ. ಪ್ರತಿಯೊಂದು ಜೀವಕೋಶದ ಪೊರೆಗೂ ಅದು ಬೇಕು. ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ.

ಎಲ್.ಡಿ.ಎಲ್. ಎಂಬ ದೋಣಿ ಕೊಲೆಸ್ಟರಾಲನ್ನು ಜೀವಕೋಶಗಳಿಗೆ ಒಯ್ಯುತ್ತದೆ. ಎಚ್.ಡಿ.ಎಲ್. ಎಂಬುದು ಹೆಚ್ಚಾದುದನ್ನು ಯಕೃತ್ತಿಗೆ ಮರಳಿಸಲು ನೆರವಾಗುತ್ತದೆ. ಎಲ್.ಡಿ.ಎಲ್. ಮಿತಿಮೀರಿದರೆ ರಕ್ತನಾಳದ ಗೋಡೆಯೊಳಗೆ ನುಸುಳಿ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆಯಲು ಬಂದ ಬಿಳಿ ರಕ್ತಕಣಗಳು ಕೊಬ್ಬು ನುಂಗಿ ಉಬ್ಬಿ ಅಲ್ಲೇ ಉಳಿಯುತ್ತವೆ. ವರ್ಷಗಳು ಕಳೆದಂತೆ ಅಲ್ಲಿ ದಪ್ಪ ಪದರ ಬೆಳೆಯುತ್ತದೆ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ಕರೋನರಿ ಧಮನಿಯಲ್ಲಿ ಈ ಪದರ ಒಡೆದರೆ, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆಗಲೇ ಹೃದಯಾಘಾತ.

ಇದು ವಯಸ್ಸಾದವರ ಕಾಯಿಲೆ, ನಮಗೇಕೆ ಎನ್ನುವಿರಾ? ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಎಲ್.ಡಿ.ಎಲ್. ಹಲವು ಪಟ್ಟು ಹೆಚ್ಚಿರುತ್ತದೆ. ನಿಮ್ಮ ವಯಸ್ಸಿಗೇ ಅವರಿಗೆ ಹೃದಯಾಘಾತ ಆಗಬಹುದು. ಇವರು ತಿಂದ ಊಟದ ತಪ್ಪಲ್ಲ ಇದು. ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 1973ರಲ್ಲಿ ಕಾರಣ ಕಂಡುಹಿಡಿದರು. ನಮ್ಮ ಜೀವಕೋಶಗಳ ಮೇಲೆ, ವಿಶೇಷವಾಗಿ ಯಕೃತ್ತಿನಲ್ಲಿ, ಎಲ್.ಡಿ.ಎಲ್. ದೋಣಿಯನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳಿವೆ. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದ ಈ ಮಕ್ಕಳಲ್ಲಿ ಗ್ರಾಹಕಗಳು ಇಲ್ಲ, ಇಲ್ಲವೇ ಕೆಲಸ ಮಾಡುವುದಿಲ್ಲ. ದೋಣಿ ಕಟ್ಟಲು ಗೂಟವಿಲ್ಲದಿದ್ದರೆ ಅದು ಹೊಳೆಯಲ್ಲೇ ಅಲೆಯುತ್ತದೆ ತಾನೆ? ಈ ಸಂಶೋಧನೆಗೆ 1985ರ ನೊಬೆಲ್ ಪ್ರಶಸ್ತಿ ಬಂತು.

ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ಪದಾರ್ಥವನ್ನು ಬೇರ್ಪಡಿಸಿದರು. ಸ್ಟ್ಯಾಟಿನ್ ಔಷಧ ಯಕೃತ್ತಿನ ಕೊಲೆಸ್ಟರಾಲ್ ತಯಾರಿಕೆಯನ್ನು ತಗ್ಗಿಸುತ್ತದೆ. ಆಗ ಯಕೃತ್ತು ಹೆಚ್ಚು ಗ್ರಾಹಕಗಳನ್ನು ಮಾಡಿಕೊಂಡು ರಕ್ತದಿಂದ ಎಲ್.ಡಿ.ಎಲ್. ಸೆಳೆದುಕೊಳ್ಳುತ್ತದೆ. ಇಂದು ಕೋಟ್ಯಂತರ ಜನ ಇದರಿಂದ ಪ್ರಯೋಜನ ಪಡೆಯುತ್ತಿದ್ದಾರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ, ಉಳಿದವರ ರಕ್ತ ಪರೀಕ್ಷೆ ಮಾಡಿಸಲು ಹಿರಿಯರಿಗೆ ಹೇಳಿ. ವನಸ್ಪತಿಯಲ್ಲಿ ಕರಿದ ತಿಂಡಿ ಕಡಿಮೆ ಮಾಡಿ, ಸೊಪ್ಪು, ಕಾಳು, ಹಣ್ಣು ತಿನ್ನಿ, ದಿನವೂ ಆಡಿ. ಬೀಡಿ, ಸಿಗರೇಟಿನಿಂದ ದೂರವಿರಿ.

ಮಾಡಿ ನೋಡಿ: ಅದೇ ಲೋಟಕ್ಕೆ ಸ್ವಲ್ಪ ಸೋಪಿನ ಪುಡಿ ಹಾಕಿ ಕಲಕಿ. ಎಣ್ಣೆ ಏನಾಯಿತು? ದೋಣಿಯ ಹೊದಿಕೆಯ ಕೆಲಸಕ್ಕೂ ಇದಕ್ಕೂ ಏನು ಹೋಲಿಕೆ? ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.