ಕಂಡವರಿದ್ದುದರಿಂದ ಉಳಿದ ಕಮರಿಗಳು

ಬೇಸಗೆಯ ರಜೆ ಬಂದಿತೆಂದರೆ ಅಮೆರಿಕದ ಲಾಸ್ ವೇಗಾಸ್ ನಗರದಿಂದ ಈಶಾನ್ಯಕ್ಕೆ ಸಾಗುವ ಹೆದ್ದಾರಿಯಲ್ಲಿ ನಸುಕಿನಲ್ಲೇ ಕಾರುಗಳ ಸಾಲು ಮೊದಲಾಗುತ್ತದೆ. ಮುಂದಿನ ಆಸನದಲ್ಲಿ ತಂದೆತಾಯಿಯರು; ಹಿಂದೆ ಮಕ್ಕಳು; ಅವರ ನಡುವೆ ನಕ್ಷೆ, ತಿಂಡಿಯ ಡಬ್ಬ, ತಲೆದಿಂಬು, ಜಗಳ. ಸಾಮಾನಿನ ಗೂಡಿನಲ್ಲಿ ಮಿಕ್ಕೆಲ್ಲಕ್ಕಿಂತ ಮಿಗಿಲಾಗಿ ನೀರು! ಹೊರಟಿರುವುದು ಮರುಭೂಮಿಗೆ. ಯೂಟಾ, ಅರಿಜೋನ ರಾಜ್ಯಗಳ ಕೆಂಪು ಕಮರಿಗಳನ್ನೂ ರಾಷ್ಟ್ರೀಯ ಉದ್ಯಾನಗಳನ್ನೂ ನೋಡಿಕೊಂಡು, ಒಂದು ವಾರದಲ್ಲಿ ಸುಮಾರು 800 ಮೈಲಿ ಸುತ್ತಿ, ಮತ್ತೆ ಅದೇ ನಗರಕ್ಕೆ ಮರಳುವುದು ಈ ಪ್ರವಾಸದ ವಾಡಿಕೆಯ ಕ್ರಮ.

ಇಂಥ ಪ್ರವಾಸ ವಿನೋದಕ್ಕಾಗಿ ಕೈಗೊಳ್ಳುವಂಥದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ದಾರಿಯ ಇತಿಹಾಸವನ್ನು ಕೊಂಚ ಕೆದಕಿದವರಿಗೆ ಒಂದು ವಿಚಿತ್ರವಾದ ಸತ್ಯ ಗೋಚರಿಸುವುದು. ಜನ ಕಂಡು ಬಂದ ಕಮರಿಗಳು ಇಲ್ಲಿ ಉಳಿದಿವೆ. ಹೆಚ್ಚು ಮಂದಿ ಕಾಣಲು ಹೋಗದ ಕಮರಿಯೊಂದು ನೀರಿನಲ್ಲಿ ಮುಳುಗಿಹೋಗಿದೆ.

ಮೊಣಕಾಲುದ್ದದ ಹೊಳೆ

ಸುಮಾರು 160 ಮೈಲಿ ಸಾಗಿದ ಮೇಲೆ ಸಿಗುವ ಮೊದಲ ತಂಗುದಾಣ ಜಯಾನ್. 1919ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿದ ಈ ಕಮರಿಯ ಎರಡು ಬದಿಗೂ 2,000 ಅಡಿಗಳಷ್ಟು ಎತ್ತರದ ಮರಳುಗಲ್ಲಿನ ಗೋಡೆಗಳು ಎದ್ದು ನಿಂತಿವೆ. ಹದಿನೆಂಟು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಗಾಳಿಗೆ ಸರಿದಾಡುತ್ತಿದ್ದ ಮರಳುದಿಬ್ಬಗಳೇ ಗಟ್ಟಿಗೊಂಡು ಈ ಬಂಡೆಗಳಾಗಿವೆ. ಇದನ್ನು ಕೊರೆದವರಾರು ಎಂದು ಮಕ್ಕಳು ಕೇಳಿದರೆ ತಂದೆ ಕಮರಿಯ ತಳದಲ್ಲಿ ಹರಿಯುವ ಪುಟ್ಟ ಹೊಳೆಯೊಂದನ್ನು ತೋರಿಸುವನು. ವರ್ಜಿನ್ ಎಂಬ ಈ ಹೊಳೆಯಲ್ಲಿ ಬೇಸಗೆಯಲ್ಲಿ ಎಷ್ಟೋ ಕಡೆ ಮೊಣಕಾಲುದ್ದದ ನೀರೂ ಇರದು. ಮಕ್ಕಳು ನಂಬುವುದಿಲ್ಲ.

ನಂಬುವ ಸಂದರ್ಭ ಬಾರದಿರಲಿ ಎಂದೇ ಹಾರೈಸಬೇಕು. ಬಂಡೆಯ ನೆಲ ಮಳೆಯನ್ನು ಕುಡಿಯುವುದಿಲ್ಲ. ಎಲ್ಲೋ ಹಲವು ಮೈಲಿ ದೂರದಲ್ಲಿ ಸುರಿದ ಮಳೆ ಹನಿಗೂಡಿ ಹಳ್ಳವಾಗಿ, ಆಕಾಶ ತಿಳಿಯಾಗಿಯೇ ಇರುವ ಇಕ್ಕಟ್ಟಿನ ಕಮರಿಯೊಳಗೆ ಮರದ ದಿಮ್ಮಿ, ಕಲ್ಲುಗುಂಡುಗಳನ್ನು ಹೊತ್ತು ನಿಮಿಷಗಳಲ್ಲಿ ನುಗ್ಗಿಬಿಡುವುದು. 2015ರ ಸೆಪ್ಟೆಂಬರಿನಲ್ಲಿ ಜಯಾನಿನ ಕೀಹೋಲ್ ಎಂಬ ಕಿರುಗಮರಿಗೆ ಇಳಿದಿದ್ದ ಏಳು ಮಂದಿ ಇಂಥದೇ ಪ್ರವಾಹಕ್ಕೆ ಬಲಿಯಾದರು. ಆದುದರಿಂದ ಹೊಳೆಯಲ್ಲಿ ನಡೆಯಬಯಸುವ ಕುಟುಂಬಗಳು ಬೆಳಿಗ್ಗೆ ಎದ್ದೊಡನೆ ಉದ್ಯಾನದ ಕಚೇರಿಯಲ್ಲಿ ಪ್ರವಾಹದ ಮುನ್ಸೂಚನೆಯನ್ನು ವಿಚಾರಿಸಿಕೊಳ್ಳುವುದು ಕಡ್ಡಾಯವೆನ್ನಬೇಕು.

ಮರುದಿನ ದಾರಿ ಮೇಲೇರುವುದು. 1930ರಲ್ಲಿ ತೆರೆದ, ಒಂದು ಮೈಲಿಗೂ ಹೆಚ್ಚು ಉದ್ದದ ಸುರಂಗವನ್ನು ದಾಟಿ ಸಾಗಿದರೆ ಎಂಟು ಸಾವಿರ ಅಡಿಗಳೆತ್ತರದ ಬ್ರೈಸ್ ಉದ್ಯಾನ. ಇಲ್ಲಿ ಹೊಳೆಯೂ ಇಲ್ಲ. ಕಿತ್ತಳೆ, ಗುಲಾಬಿ, ಕೆನೆಬಣ್ಣದ ಸಾವಿರಾರು ಕಲ್ಲಿನ ಕಂಬಗಳು ಸಂತೆಯ ಜನದಂತೆ ಒತ್ತಾಗಿ ನಿಂತಿವೆ. ಇವನ್ನು ಕೆತ್ತಿದ್ದೂ ನೀರೇ, ಆದರೆ ಹಿಮದ ರೂಪದಲ್ಲಿ. ಹಗಲು ಬಿರುಕುಗಳಿಗಿಳಿದ ನೀರು ಇರುಳಿನ ಚಳಿಗೆ ಹೆಪ್ಪುಗಟ್ಟಿ ಹಿಗ್ಗುವುದು, ಬಂಡೆಯನ್ನು ಸೀಳುವುದು. ವರ್ಷದಲ್ಲಿ ನೂರಕ್ಕೂ ಹೆಚ್ಚು ಬಾರಿ ಈ ಕ್ರಿಯೆ ನಡೆಯುತ್ತದೆ. ಈ ನೆಲದ ಪೈಯೂಟ್ ಜನರ ಕಥೆಯೇ ಬೇರೆ: ಅನಾದಿಕಾಲದಲ್ಲಿ ಕೆಟ್ಟ ನಡತೆ ತೋರಿದವರನ್ನು ಮಾಯಾವಿ ಕಯೋಟಿ ನರಿ ಕಲ್ಲಾಗಿಸಿತೆಂದು ಅವರು ಹೇಳುವರು. ಮಕ್ಕಳಿಗೆ ರುಚಿಸುವುದು ಈ ಎರಡನೆಯ ಕಥೆಯೇ!

ಮುಳುಗಿದ ಕಮರಿ

ಬ್ರೈಸಿನಿಂದ ಸುಮಾರು 150 ಮೈಲಿ ದಕ್ಷಿಣಕ್ಕೆ, ಅರಿಜೋನದ ಗಡಿಯಲ್ಲಿ ಪೇಜ್ ಎಂಬ ಪಟ್ಟಣವಿದೆ. ಕೆಂಪು ನೆಲ ನೋಡಿ ದಣಿದ ಕಣ್ಣಿಗೆ ಇಲ್ಲಿ ಇದ್ದಕ್ಕಿದ್ದಂತೆ ಅಚ್ಚನೀಲಿಯ ಜಲರಾಶಿ ಕಾಣಿಸುವುದು. ಅದು ಪೊವೆಲ್ ಸರೋವರ. ಕೊಲರಾಡೊ ನದಿಗೆ ಅಡ್ಡಲಾಗಿ 710 ಅಡಿ ಎತ್ತರದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟನ್ನು ಕಟ್ಟಿ ನಿಲ್ಲಿಸಿದ ನೀರಿದು. ಕಾರಿನಿಂದಿಳಿದ ಮಕ್ಕಳು ಹಿಗ್ಗಿ ಕುಣಿಯುವರು. ಆ ನೀಲಿಯ ಕೆಳಗೆ ಏನಿದೆ ಎಂದು ಹೇಳುವವರು ಬೇಕು.

ಮೇಜರ್ ಜಾನ್ ವೆಸ್ಲಿ ಪೊವೆಲ್ ಯುದ್ಧದಲ್ಲಿ ಬಲಗೈ ಕಳೆದುಕೊಂಡವನು. 1869ರಲ್ಲಿ ಹತ್ತು ಮಂದಿಯ ತಂಡ ಕಟ್ಟಿ, ನಾಲ್ಕು ದೋಣಿಗಳಲ್ಲಿ, ನಕ್ಷೆಯಲ್ಲಿ ಖಾಲಿ ಬಿಟ್ಟಿದ್ದ ಈ ನದಿಯ ಹಾದಿಯನ್ನು ಹಿಡಿದು ಹೊರಟ. ಮೂರು ತಿಂಗಳ ಬಳಿಕ ಕೊನೆಮುಟ್ಟಿದವರು ಆರೇ ಮಂದಿ. ಆ ಭಯಂಕರ ಯಾನದ ನಡುವೆ ನದಿ ಶಾಂತವಾಗಿ ಹರಿದ ಒಂದು ಭಾಗದಲ್ಲಿ ಕಲ್ಲಿನ ಗುಹಾಂಗಣಗಳನ್ನೂ, ಜರೀಗಿಡಗಳಿಂದ ತೊಟ್ಟಿಕ್ಕುವ ಚಿಲುಮೆಗಳನ್ನೂ ಕಂಡು ಮನಸೋತು ಅದಕ್ಕೆ ಗ್ಲೆನ್ ಕ್ಯಾನ್ಯನ್ ಎಂದು ಹೆಸರಿಟ್ಟ. ಇಂದು ಆ ಕಮರಿಯನ್ನು ಮುಳುಗಿಸಿದ ಸರೋವರಕ್ಕೆ ಅವನದೇ ಹೆಸರು!

ಮುಳುಗಿದ್ದಾದರೂ ಹೇಗೆ? 1950ರ ದಶಕದ ಆರಂಭದಲ್ಲಿ ಸರ್ಕಾರ ಮೊದಲು ಅಣೆಕಟ್ಟು ಕಟ್ಟಬಯಸಿದ ಸ್ಥಳಗಳಲ್ಲಿ ಉತ್ತರದ ಡೈನೊಸಾರ್ ರಾಷ್ಟ್ರೀಯ ಸ್ಮಾರಕದೊಳಗಿನ ಎಕೊ ಪಾರ್ಕ್ ಒಂದು. 1952ರಲ್ಲಿ ಹೆರಾಲ್ಡ್ ಬ್ರಾಡ್ಲಿ ಎಂಬ ನಿವೃತ್ತ ಪ್ರಾಧ್ಯಾಪಕ ತನ್ನ ಮಕ್ಕಳೊಡನೆ ಅಲ್ಲಿ ದೋಣಿಯಲ್ಲಿ ಸಾಗಿ, ಆ ಕೌಟುಂಬಿಕ ಪ್ರವಾಸದ ಚಲನಚಿತ್ರವನ್ನು ತೆಗೆದ. ಅದನ್ನು ಕಂಡ ಸಿಯೆರಾ ಕ್ಲಬ್ ಎಂಬ ಸಂಸ್ಥೆಯ ಮುಂದಾಳು ಡೇವಿಡ್ ಬ್ರೋವರ್ ಮರುವರ್ಷವೇ ಸದಸ್ಯರನ್ನು ಅಲ್ಲಿಗೆ ದೋಣಿಪ್ರವಾಸಕ್ಕೆ ಕರೆದೊಯ್ದ. ಕಂಡು ಬಂದವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ನಾಡಿನ ಎಲ್ಲೆಡೆಯಿಂದ ಪ್ರತಿಭಟನೆ ಎದ್ದಿತು. 1956ರಲ್ಲಿ ಎಕೊ ಪಾರ್ಕಿನ ಅಣೆಕಟ್ಟನ್ನು ಕೈಬಿಡಲಾಯಿತು.

ಆದರೆ ಅದೇ ವರ್ಷದ ಅದೇ ಶಾಸನದಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿಗೆ ಒಪ್ಪಿಗೆ ದೊರೆಯಿತು. ಅದು ಯಾವ ರಾಷ್ಟ್ರೀಯ ಉದ್ಯಾನದ ಎಲ್ಲೆಯೊಳಗೂ ಇರಲಿಲ್ಲ. ಅಲ್ಲಿಗೆ ಒಳ್ಳೆಯ ರಸ್ತೆ ಇರಲಿಲ್ಲ. ಕುಟುಂಬಗಳು ಹೋಗಿ ಬಂದು ಕಥೆ ಹೇಳಿರಲಿಲ್ಲ. ಎಕೊ ಪಾರ್ಕಿಗಾಗಿ ಹೋರಾಡಿದ ಬ್ರೋವರನೇ ಅದನ್ನು ಕಂಡಿರಲಿಲ್ಲ. ಕಂಡಾಗ ಕಾಲ ಮೀರಿತ್ತು. 1963ರಲ್ಲಿ ಅಣೆಕಟ್ಟಿನ ಬಾಗಿಲುಗಳು ಮುಚ್ಚಿದವು. ಅದೇ ವರ್ಷ ಎಲಿಯಟ್ ಪೋರ್ಟರ್ ತೆಗೆದ ಛಾಯಾಚಿತ್ರಗಳ ಪುಸ್ತಕವನ್ನು ಸಿಯೆರಾ ಕ್ಲಬ್ ಹೊರತಂದಿತು. ಅದರ ಹೆಸರಿನ ಅರ್ಥ ‘ಯಾರೂ ಅರಿಯದ ತಾಣ’. ತಾನು ಸುಮ್ಮನಿದ್ದುದಕ್ಕಾಗಿ ಬ್ರೋವರ್ ಬಾಳಿನ ಕಡೆಯವರೆಗೂ ಪರಿತಪಿಸಿದ.

ವಿಷ್ಣುವಿನ ಹೆಸರಿನ ಶಿಲೆ

ಪೇಜಿನಿಂದ ಸುಮಾರು 135 ಮೈಲಿಯ ದಾರಿ ಗ್ರ್ಯಾಂಡ್ ಕ್ಯಾನ್ಯನ್ ಮಹಾಕಮರಿಯ ದಕ್ಷಿಣದ ಅಂಚಿಗೆ. ಪೈನ್ ಮರಗಳ ನಡುವೆ ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ನಡೆದರೆ ಸಾಕು, ನೆಲ ಮುಗಿದುಹೋಗುವುದು. ಉದ್ದ 277 ಮೈಲಿ, ಅಗಲ ಕೆಲವೆಡೆ 18 ಮೈಲಿ, ಆಳ ಒಂದು ಮೈಲಿ. ದಾರಿಯುದ್ದಕ್ಕೂ ಜಗಳವಾಡುತ್ತಿದ್ದ ಮಕ್ಕಳು ಇಲ್ಲಿ ತಾವಾಗಿಯೇ ತಾಯಿಯ ಕೈ ಹಿಡಿಯುವರು.

ಭಾರತೀಯ ಪ್ರವಾಸಿಗೆ ಇಲ್ಲೊಂದು ಅಚ್ಚರಿ ಕಾದಿರುತ್ತದೆ. ಕಮರಿಯ ನಡುವೆ ಗೋಪುರಗಳಂತೆ ನಿಂತ ಶಿಖರಗಳಿಗೆ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ 1882ರ ತನ್ನ ಗ್ರಂಥದಲ್ಲಿ ವಿಷ್ಣುದೇಗುಲ, ಶಿವದೇಗುಲ ಎಂಬ ಹೆಸರುಗಳನ್ನು ಕೊಟ್ಟ. ಕಮರಿಯ ತಳದಲ್ಲಿ ಕಾಣುವ, ಸುಮಾರು 170 ಕೋಟಿ ವರ್ಷಗಳ ಪ್ರಾಯದ ಕಪ್ಪು ಶಿಲೆಗೂ ವಿಷ್ಣುಶಿಲೆ ಎಂದೇ ಹೆಸರು.

ಈ ಮಹಾಕಮರಿಗೂ ಕುತ್ತು ಬಂದಿತ್ತು. 1960ರ ದಶಕದಲ್ಲಿ ಇಲ್ಲಿಯೂ ಎರಡು ಅಣೆಕಟ್ಟುಗಳನ್ನು ಕಟ್ಟುವ ಯೋಜನೆ ಸಿದ್ಧವಾಯಿತು. ನೀರು ನಿಂತರೆ ದೋಣಿಯಲ್ಲಿ ಕುಳಿತು ಗೋಡೆಗಳನ್ನು ಹತ್ತಿರದಿಂದ ನೋಡಬಹುದೆಂದೂ ವಾದಿಸಿದವರಿದ್ದರು! ಈ ಬಾರಿ ಬ್ರೋವರ್ ತಡಮಾಡಲಿಲ್ಲ. 1966ರಲ್ಲಿ ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತುಗಳನ್ನು ಕೊಡಿಸಿದ. ಈ ಅಂಚಿನಲ್ಲಿ ನಿಂತವರು, ಒಮ್ಮೆಯಾದರೂ ನಿಲ್ಲಬೇಕೆಂದು ಆಸೆಪಟ್ಟವರು ನಾಡಿನ ತುಂಬ ಇದ್ದರು. ಪತ್ರಗಳು ರಾಶಿರಾಶಿಯಾಗಿ ರಾಜಧಾನಿಗೆ ಹರಿದವು. 1968ರ ಶಾಸನದಲ್ಲಿ ಆ ಎರಡು ಅಣೆಕಟ್ಟುಗಳಿಗೆ ಸ್ಥಾನವಿರಲಿಲ್ಲ.

ಆದರೆ ‘ಕಂಡವರು’ ಎಂದರೆ ಯಾರು? ಪೊವೆಲ್‌ಗಿಂತ ಎಷ್ಟೋ ಶತಮಾನ ಮೊದಲೇ ಈ ಕಮರಿಗಳಲ್ಲಿ ಬೆಳೆ ತೆಗೆದು ಬಾಳಿದವರಿದ್ದರು. ಮಹಾಕಮರಿ ಉದ್ಯಾನವಾದಾಗ ಅಲ್ಲಿನ ಹವಸುಪೈ ಜನರನ್ನು ಅವರ ತೋಟಗಳಿಂದ ಹೊರಹಾಕಲಾಯಿತು. 1975ರಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಎಕರೆಗೂ ಹೆಚ್ಚು ನೆಲ ಅವರಿಗೆ ಮರಳಿ ದೊರೆಯಿತು. 2022ರಲ್ಲಿ ಕಮರಿಯ ನಡುವಿನ ಹಳೆಯ ತೋಟಕ್ಕೆ ಅವರ ಹೆಸರನ್ನೇ ಇಡಲಾಯಿತು. ‘ಯಾರೂ ಅರಿಯದ’ ತಾಣವೆಂಬ ಮಾತು ಅರ್ಧ ಸತ್ಯ. ಅರಿತವರ ಮಾತನ್ನು ಯಾರೂ ಕೇಳಿರಲಿಲ್ಲ ಎಂಬುದೇ ಪೂರ್ಣ ಸತ್ಯ.

ಕಾಣುವುದಕ್ಕೂ ಒಂದು ಮಿತಿಯುಂಟು. ಕಾರುಗಳ ಸಂದಣಿ ತಾಳಲಾರದೆ ಜಯಾನಿನಲ್ಲಿ 2000ದಿಂದ ವರ್ಷದ ಹೆಚ್ಚಿನ ಕಾಲ ಒಳರಸ್ತೆಗೆ ಉದ್ಯಾನದ ಬಸ್ಸುಗಳನ್ನು ಮಾತ್ರ ಬಿಡುತ್ತಾರೆ.

ನಲ್ಲಿಯಲ್ಲಿ ಬಂದ ನದಿ

ಇಂದು ಕುತ್ತು ಬಂದಿರುವುದು ನದಿಗೇ. ಕೊಲರಾಡೊವನ್ನು ನಂಬಿದವರು ಏಳು ರಾಜ್ಯಗಳಲ್ಲೂ ಮೆಕ್ಸಿಕೊದಲ್ಲೂ ಸುಮಾರು ನಾಲ್ಕು ಕೋಟಿ ಜನ. ಈ ನಾಡಿನ ನೆಲಕ್ಕೆಲ್ಲ ಸಾಲುವಷ್ಟು ನೀರಿಲ್ಲವೆಂದು 1893ರಲ್ಲಿ ಸಭೆಯೊಂದರಲ್ಲಿ ಎಚ್ಚರಿಸಿದ ಪೊವೆಲ್‌ನನ್ನು ಸಭಿಕರು ಕೂಗಿ ಹಳಿದಿದ್ದರು. 1922ರ ಒಪ್ಪಂದ ನದಿಯಲ್ಲಿ ಇರುವುದಕ್ಕಿಂತ ಹೆಚ್ಚು ನೀರನ್ನು ಹಂಚಿತು. 1960ರ ದಶಕದಿಂದೀಚೆಗೆ ಈ ನದಿ ಕಡಲನ್ನು ಮುಟ್ಟಿದ್ದೇ ಅಪರೂಪ. 2023ರ ಆರಂಭದಲ್ಲಿ ಪೊವೆಲ್ ಸರೋವರ ಕಾಲುಭಾಗಕ್ಕಿಂತಲೂ ಕಡಿಮೆಗೆ ಇಳಿದಿತ್ತು. ನೀರಿಳಿದ ಆ ವರ್ಷಗಳಲ್ಲಿ ಗ್ಲೆನ್ ಕ್ಯಾನ್ಯನಿನ ಗುಹಾಂಗಣಗಳು ಕೆಸರು ಮೆತ್ತಿಕೊಂಡು ಮತ್ತೆ ಹೊರಗೆ ಕಾಣಿಸಿದವು.

ಪ್ರವಾಸ ಮುಗಿಯುವ ಮುನ್ನ ಮಕ್ಕಳಿಗೆ ಒಂದು ಕೆಲಸವಿರುತ್ತದೆ. ಉದ್ಯಾನದ ಕಚೇರಿಯಲ್ಲಿ ಕೊಟ್ಟ ಚಿಕ್ಕ ಪುಸ್ತಕದ ಪ್ರಶ್ನೆಗಳಿಗೆ ಉತ್ತರ ಬರೆದು ಒಪ್ಪಿಸಿದರೆ ವನರಕ್ಷಕ ಅವರಿಂದ ಬಲಗೈ ಎತ್ತಿಸಿ, ಇಂಥ ತಾಣಗಳನ್ನು ಕಾಪಾಡುವೆನೆಂದು ಪ್ರತಿಜ್ಞೆ ಮಾಡಿಸಿ, ಎದೆಗೆ ಬಿಲ್ಲೆ ತೊಡಿಸುವನು. ಸುತ್ತ ನಿಂತ ಹಿರಿಯರು ಮುಗುಳ್ನಗುವರು. ಎಕೊ ಪಾರ್ಕಿನ ಕಥೆ ತಿಳಿದವರು ನಗಲಾರರು.

ಆ ಸಂಜೆ ಲಾಸ್ ವೇಗಾಸಿಗೆ ಮರಳಿ, ಹೋಟೆಲಿನ ಕೋಣೆಯಲ್ಲಿ ಕೆಂಪು ಧೂಳು ಮೆತ್ತಿದ ಕೈಗಳನ್ನು ತೊಳೆಯಲು ಹುಡುಗ ನಲ್ಲಿ ತಿರುಗಿಸುವನು. ಈ ನಗರದ ನೀರಿನ ಬಹುಪಾಲು ಬರುವುದು ಕೊಲರಾಡೊ ನದಿಯಿಂದಲೇ. ಅದನ್ನು ತಾಯಿ ಹೇಳಿದರೆ, ಎದೆಯ ಮೇಲೆ ಬಿಲ್ಲೆ ಇರುವಷ್ಟು ದಿನವಾದರೂ, ಅವನು ನಲ್ಲಿಯನ್ನು ಬೇಗನೆ ನಿಲ್ಲಿಸುವನು.