ಯೇವಲೆಯ ಬಯಲಿನಲ್ಲಿ ಕೋವಿಯೂ ಕೃಷ್ಣಮೃಗವೂ

ಪೈಠಣಿ ಸೀರೆಯ ಮಗ್ಗಗಳಿಂದಲೂ, ತಾತ್ಯಾ ಟೋಪೆಯ ಜನ್ಮಸ್ಥಳವೆಂಬ ಕೀರ್ತಿಯಿಂದಲೂ, 1935ರ ಅಕ್ಟೋಬರ್ 13ರಂದು ಡಾ. ಅಂಬೇಡ್ಕರರು ಮಾಡಿದ ಧರ್ಮಾಂತರದ ಘೋಷಣೆಯಿಂದಲೂ ಪ್ರಸಿದ್ಧವಾದ ಮಹಾರಾಷ್ಟ್ರದ ಯೇವಲಾ ಪಟ್ಟಣವನ್ನು ಬಿಟ್ಟು ಮಮದಾಪುರ, ರಾಜಾಪುರಗಳ ದಿಕ್ಕಿಗೆ ಹೊರಟರೆ, ಮಳೆನೆರಳಿನ ಆ ಕುರುಚಲು ಬಯಲಿನಲ್ಲಿ ಕೃಷ್ಣಮೃಗಗಳ ಹಿಂಡು ಕಣ್ಣಿಗೆ ಬೀಳುವುದು. ಮರಾಠಿಗರಿಗೆ ಅದು ಕಾಳವೀಟ. ನಮ್ಮ ಧಾರವಾಡ ಸೀಮೆಯವರಿಗೆ ಚಿಗರಿ. ಹುಬ್ಬಳ್ಳಿ-ಧಾರವಾಡಗಳ ನಡುವೆ ಧಾವಿಸುವ ಬಸ್ಸಿಗೂ ಅದೇ ಹೆಸರನ್ನಿಟ್ಟವರು ರಸಿಕರೇ ಸರಿ.

ಈ ಬಯಲುಸೀಮೆಯ ಚಿಗರಿಯು ಶತಮಾನಗಳ ಕಾಲ ಮನುಷ್ಯನ ಕೋವಿಯೊಡನೆ ಬಾಳಿ ಉಳಿದುದು ಹೇಗೆಂದು ವಿಚಾರಿಸಿದರೆ, ಆ ಕೋವಿಯ ಮಂದಗತಿಯೇ ಅದಕ್ಕೆ ಬಹುಮಟ್ಟಿಗೆ ಕಾರಣವೆಂದು ನನಗೆ ತೋರುತ್ತದೆ. ನಳಿಗೆಯ ಬಾಯಿಂದ ಮದ್ದನ್ನು ಸುರಿದು, ಮೇಲೆ ನಾರನ್ನು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ನಾರು ತುಂಬಿ ಜಡಿದು, ಮದ್ದಿಗೆ ಕಿಡಿ ತಾಗಿಸುವಷ್ಟರಲ್ಲಿ, ತೆರೆದ ಬಯಲಿನಲ್ಲಿ ದೂರದಿಂದಲೇ ಶತ್ರುವನ್ನು ಕಾಣಬಲ್ಲ ಪ್ರಾಣಿಯು ಎಷ್ಟು ದೂರ ಹೋಗಿರಬೇಕೆಂಬುದನ್ನು ಓದುಗರೇ ಊಹಿಸಬಹುದು. ಒಂದು ಈಡು ತಪ್ಪಿದರೆ ಎರಡನೆಯದಕ್ಕೆ ಅವಕಾಶವೇ ಇಲ್ಲ. ಹೊಗೆ ಕರಗುವುದರೊಳಗೆ ಹಿಂಡು ಕರಗಿರುವುದು.

ಈ ಕೊರತೆಯನ್ನು ನೀಗಲು ಹೊರಟವನು ಸೈನಿಕನಲ್ಲ, ಸ್ಕಾಟ್ಲೆಂಡಿನ ಒಬ್ಬ ಪಾದ್ರಿ. ಚಕಮಕಿ ಕೋವಿಯ ಕಿಡಿಯನ್ನು ಕಂಡೊಡನೆ ಹಕ್ಕಿಗಳು ಎಚ್ಚತ್ತು ಹಾರಿಬಿಡುತ್ತಿದ್ದುದರಿಂದ ಬೇಸತ್ತ ಅಲೆಗ್ಸಾಂಡರ್ ಫಾರ್ಸೈತನು, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಬಳಸಿ 1807ರಲ್ಲಿ ತನ್ನ ಉಪಾಯಕ್ಕೆ ಪೇಟೆಂಟು ಪಡೆದನು. ಅದರಿಂದಲೇ ಮುಂದೆ ತಾಮ್ರದ ಕೇಪು ಹುಟ್ಟಿ, ಮಲೆನಾಡಿನ ಕೇಪಿನ ಕೋವಿಯವರೆಗೆ ಅದರ ಸಂತತಿ ಬೆಳೆಯಿತು. ಆದರೂ ಬಾಯಿಂದ ತುಂಬುವ ಶ್ರಮ ತಪ್ಪಲಿಲ್ಲ. ಹಿಂದಿನಿಂದ ತೋಟಾ ಹಾಕುವ ಕೋವಿಯೂ, ಅನಂತರ ರಾತ್ರಿಯ ಕತ್ತಲೆಯನ್ನು ದೀಪದಿಂದ ಸೀಳಿಕೊಂಡು ಹೊಲಗಳಲ್ಲಿ ನುಗ್ಗುವ ಜೀಪೂ ಬಂದ ಮೇಲೆಯೇ ಬಯಲಿನ ಮೃಗಗಳಿಗೆ ನಿಜವಾದ ಕೇಡುಗಾಲ ಒದಗಿತು. ಹುಲ್ಲುಗಾವಲು ಹೊಲವಾದುದೂ ಅದರೊಡನೆ ಸೇರಿಕೊಂಡಿತು.

ಅಮೆರಿಕದ ಹಲವು ರಾಜ್ಯಗಳಲ್ಲಿ ಬಾಯಿಂದ ತುಂಬುವ ಕೋವಿಗೆಂದೇ ಜಿಂಕೆಬೇಟೆಯ ಪ್ರತ್ಯೇಕ ಋತುವುಂಟು. ನಮ್ಮಲ್ಲಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಗೆ ಸೇರಿಸಿ, ಅದರ ಬೇಟೆಗೆ ಋತುವೆಂಬುದನ್ನೇ ಇಲ್ಲವಾಗಿಸಿತು.

ಇಲ್ಲೊಂದು ವಿಚಿತ್ರವಿದೆ. 1959ರ ಆಯುಧ ಕಾಯಿದೆಯ 13ನೆಯ ಪ್ರಕರಣವು ಬಾಯಿಂದ ತುಂಬುವ ಕೋವಿಯನ್ನು ಹೆಸರಿಸಿಯೇ, ಪ್ರಾಮಾಣಿಕವಾದ ಬೆಳೆರಕ್ಷಣೆಗಾಗಿ ಅದಕ್ಕೆ ಲೈಸೆನ್ಸು ಕೊಡಬಹುದೆನ್ನುತ್ತದೆ. ಆದರೆ ಯೇವಲೆಯ ರೈತನು ತನ್ನ ಪೈರಿಗೆ ಬಾಯಿ ಹಾಕುವ ಚಿಗರಿಯ ಮೇಲೆ ಆ ಕೋವಿಯನ್ನು ಎತ್ತಿದನೋ, ಬೆಳೆಯ ಜತೆಗೆ ಬಿಡುಗಡೆಯನ್ನೂ ಕಳೆದುಕೊಂಡಂತೆಯೇ.

ಈ ಇಕ್ಕಟ್ಟಿನ ನಡುವೆಯೇ ಸುಮಾರು 54 ಚದರ ಕಿಲೋಮೀಟರಿನ ಮಮದಾಪುರ ಸಂರಕ್ಷಣಾ ಮೀಸಲು ರೂಪುಗೊಂಡಿತು. 2002ರ ತಿದ್ದುಪಡಿಯಿಂದ ಕಾನೂನಿನೊಳಗೆ ಬಂದ ಈ ಬಗೆಯ ಮೀಸಲು ಅಭಯಾರಣ್ಯದಷ್ಟು ಬಿಗಿಯಲ್ಲ. ಸ್ಥಳೀಯರೊಡನೆ ಸಮಾಲೋಚಿಸಿ ಸರಕಾರಿ ಭೂಮಿಯಲ್ಲಿ ಘೋಷಿಸುವಂಥದು, ಅದರ ಸಮಿತಿಯಲ್ಲಿ ಗ್ರಾಮ ಪಂಚಾಯತಿಗಳ ಪ್ರತಿನಿಧಿಗಳೂ ಇರಬೇಕೆಂಬುದು ವಿಧಿ. ಚಿಗರಿಗೆ ಆ ಗಡಿ ಕಾಣುವುದಿಲ್ಲ. ಬೇಸಗೆಯಲ್ಲಿ ನೀರು ಬತ್ತಿದಾಗ ಹಿಂಡು ಹೊಲಗಳತ್ತ ತಿರುಗುವುದು. ಹಾಗೆ ನಷ್ಟವಾದ ಬೆಳೆಗೆ ಮಹಾರಾಷ್ಟ್ರ ಸರಕಾರವು ಪರಿಹಾರ ಕೊಡುವುದುಂಟು. ಕೋವಿ ಕೆಳಗಿಟ್ಟ ರೈತನು ಈಗ ಪಂಚನಾಮೆಯ ಕಾಗದವನ್ನು ಹಿಡಿದು ಅರಣ್ಯ ಇಲಾಖೆಯ ಕಚೇರಿಗೆ ನಡೆಯಬೇಕು.