ನುಡಿಗೆ ಮೊದಲು ನಾದ

ತೊಟ್ಟಿಲ ಕೂಸಿಗೆ ತಾಯಿ ಹಾಡುವುದನ್ನು ಕಂಡು, “ಅದಕ್ಕೇನು ತಿಳಿದೀತು?” ಎಂದು ನಗುವವರುಂಟು. ಹಾಡಿನ ಅರ್ಥ ಕೂಸಿಗೆ ತಿಳಿಯದೆಂಬುದು ದಿಟವೇ. ಆದರೆ ನಾದವೂ ತಿಳಿಯದೆಂದು ಹೇಳಲು ಈಗ ಎಡೆಯಿಲ್ಲ.

ಗರ್ಭಸ್ಥ ಶಿಶುವಿಗೆ ಏಳನೆಯ ತಿಂಗಳ ಹೊತ್ತಿಗೆ ಕಿವಿ ಕೇಳಿಸತೊಡಗುತ್ತದೆ. ಮಾತು ತಾಯಿಯ ಒಡಲನ್ನು ಹಾದು ಒಳಗೆ ತಲಪುವಾಗ ಅಕ್ಷರಗಳು ಮಸುಕಾಗುತ್ತವೆ. ದನಿಯ ಏರಿಳಿತವೂ ಲಯವೂ ಉಳಿಯುತ್ತವೆ. ಅಂದಮೇಲೆ ತಾಯ್ನುಡಿಯು ಕೂಸಿಗೆ ಮೊದಲು ದೊರೆಯುವುದು ರಾಗವಾಗಿಯೇ. 60 ಹಸುಗೂಸುಗಳ ಅಳುವನ್ನು ಪರೀಕ್ಷಿಸಿದ ವಿದ್ವಾಂಸರು 2009ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದರು. ಫ್ರೆಂಚ್ ಕೂಸುಗಳ ಅಳು ಬಹುಮಟ್ಟಿಗೆ ಮೇಲಕ್ಕೇರುತ್ತಿತ್ತು. ಜರ್ಮನ್ ಕೂಸುಗಳದು ಕೆಳಕ್ಕಿಳಿಯುತ್ತಿತ್ತು. ಆಯಾ ನುಡಿಯ ಧಾಟಿಯೂ ಅಂತಹುದೇ.

ತಾಳದ ವಿಷಯವು ಇದಕ್ಕಿಂತಲೂ ಯೋಚಿಸತಕ್ಕದ್ದು. ಬಾಲ್ಕನ್ ನಾಡುಗಳ ಕುಣಿತದ ಹಾಡುಗಳಲ್ಲಿ ಎಣಿಕೆಗಳು ಸಮನಾಗಿರುವುದಿಲ್ಲ. ನಮ್ಮ ಮಿಶ್ರಛಾಪುವಿನ 3, 2, 2ರ ನಡೆಯಂತೆ ವಿಷಮವಾಗಿರುತ್ತವೆ. ಎರಿನ್ ಹ್ಯಾನನ್, ಸಾಂಡ್ರಾ ಟ್ರೆಹಬ್ ಎಂಬ ವಿದುಷಿಯರು 2005ರಲ್ಲಿ ತಿಳಿಸಿದಂತೆ, ಆ ತಾಳ ತಪ್ಪಿದುದನ್ನು ಉತ್ತರ ಅಮೆರಿಕದ ಆರು ತಿಂಗಳ ಮಕ್ಕಳು ಗುರುತಿಸಿದರು. ಅಲ್ಲಿನ ದೊಡ್ಡವರು ಗುರುತಿಸಲಾರದೆ ಹೋದರು. ವರ್ಷ ತುಂಬುವುದರೊಳಗೆ ಮಕ್ಕಳೂ ಮನೆಯ ತಾಳಕ್ಕೆ ಮಾತ್ರ ಒಗ್ಗಿಬಿಟ್ಟಿದ್ದರು. ಆದರೂ ಎರಡು ವಾರ ಮನೆಯಲ್ಲಿ ಆ ಸಂಗೀತವನ್ನು ಕೇಳಿಸಲು, ವರ್ಷದ ಮಕ್ಕಳಿಗೆ ಆ ಶಕ್ತಿ ಮರಳಿತು. ಹಾಗೆಯೇ ಕೇಳಿದ ದೊಡ್ಡವರಿಗೆ ಮರಳಲಿಲ್ಲ.

ಇದರಿಂದ ನಾವು ತಿಳಿಯಬೇಕಾದುದೇನು? ಶಿಶುವಿನ ಕಿವಿ ಎಲ್ಲ ನಾಡುಗಳ ತಾಳಕ್ಕೂ ತೆರೆದೇ ಇರುತ್ತದೆ. ಅದು ಯಾವುದನ್ನು ತನ್ನದೆಂದು ಇರಿಸಿಕೊಳ್ಳುವುದೆಂಬುದು ನಾವು ಏನನ್ನು ಕೇಳಿಸುತ್ತೇವೆಂಬುದನ್ನು ಅವಲಂಬಿಸಿದೆ. ಮಾತು ಬಂದಮೇಲೆ ಹಾಡು ಕಲಿಸೋಣವೆಂದು ಕಾಯುತ್ತ ಕುಳಿತರೆ, ಬಹು ಸುಲಭವಾಗಿ ಕಲಿಯುವ ಕಾಲವೇ ಕಳೆದುಹೋಗುತ್ತದೆ.

ತನಗೆ ಕಂಠವಿಲ್ಲವೆಂದು ನಾಚಿ, ಜೋಗುಳದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ತಾಯಂದಿರು ಇಂದು ಅನೇಕರು. ಅವರಿಗೆ ನಾವು ಒಂದು ಸಂಗತಿಯನ್ನು ನೆನಪಿಸುತ್ತೇವೆ. ಅಮೆರಿಕದಲ್ಲಿ ನಡೆದು 1980ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಹುಟ್ಟಿ ಮೂರು ದಿನವೂ ತುಂಬದ ಶಿಶುಗಳು ತಾವು ಚೀಪುವ ಬಗೆಯನ್ನೇ ಬದಲಿಸಿಕೊಂಡು, ಬೇರೆ ಹೆಂಗಸಿನ ದನಿಯನ್ನು ಬಿಟ್ಟು ತಾಯಿಯ ದನಿಯನ್ನು ಕೇಳಿ ಪಡೆದವು. ಆ ದನಿಗೆ ಶ್ರುತಿಜ್ಞಾನವಿತ್ತೆ ಎಂದು ಯಾವ ಕೂಸೂ ವಿಚಾರಿಸಲಿಲ್ಲ. ಆದಕಾರಣ, ಸೋದರಿಯರೇ, ಸಂಕೋಚವನ್ನು ಬಿಟ್ಟು ಹಾಡಿರಿ. ತಂದೆಯೂ ಅಜ್ಜಿಯೂ ದನಿಗೂಡಿಸಲಿ. ಕೇಳುವ ಕಿವಿ ತೊಟ್ಟಿಲಲ್ಲಿ ಎಚ್ಚರವಾಗಿದೆ.